ರಾಯಚೂರಿನ ಬೇಸಿಗೆಯಲ್ಲಿ ರೈಜೆನ್ 5800ಎಕ್ಸ್ ತಣ್ಣಗಿಟ್ಟದ್ದು: ನನ್ನ ಅನುಭವ

ಎಸಿ ಇಲ್ಲದ ರೂಮು. ಮೇ ತಿಂಗಳ ಮಧ್ಯಾಹ್ನ. ಎಎಂಡಿ ಕಂಪನಿಯ ರೈಜೆನ್ 7 5800ಎಕ್ಸ್ ಪ್ರೊಸೆಸರ್ ಮೇಲೆ ಫುಲ್ ಲೋಡ್ ರೆಂಡರ್ (ಎಡಿಟ್ ಮಾಡಿದ್ದನ್ನು ವಿಡಿಯೋ ಫೈಲ್ ಮಾಡುವ ಕೆಲಸ). ಆದರೂ 75 ಡಿಗ್ರಿ ದಾಟುವುದಿಲ್ಲ ಎಂದು ಹೇಳಿದರೆ ನಮ್ಮ ಕಡೆಯ ಸ್ಟುಡಿಯೋದವರು ಯಾರೂ ನಂಬಲಿಲ್ಲ. ಇಬ್ಬರು ಬಂದು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಅವರಲ್ಲಿ ಒಬ್ಬರು ಮರುದಿನವೇ ತಮ್ಮ ಸಿಸ್ಟಮ್ಮಿಗೂ ಇದನ್ನೇ ಮಾಡಿಸಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮದುವೆ ವಿಡಿಯೋ, ಆಲ್ಬಮ್ ಕೆಲಸ. ಎರಡು ಗಂಟೆಯ ವಿಡಿಯೋವನ್ನು ಎಕ್ಸ್265ಗೆ (ವಿಡಿಯೋ ಸೈಜ್ ಚಿಕ್ಕದು ಮಾಡುವ ಎನ್‌ಕೋಡರ್) ಹಾಕಿ ಪೆನ್‌ಡ್ರೈವ್‌ಗೆ ಇಳಿಸಿ ಕೊಡಬೇಕು. ಗ್ರಾಫಿಕ್ಸ್ ಕಾರ್ಡಿನಿಂದ ಬೇಗ ಆಗುತ್ತದೆ ನಿಜ, ಆದರೆ ಅದೇ ಸೈಜಿನಲ್ಲಿ ಪ್ರೊಸೆಸರ್ ಕೊಡುವ ಕ್ವಾಲಿಟಿ ನನಗೆ ಅದರಲ್ಲಿ ಸಿಗಲಿಲ್ಲ. ಹಾಗಾಗಿ ಎಂಟು ಕೋರೂ ಗಂಟೆಗಟ್ಟಲೆ ನೂರಕ್ಕೆ ನೂರು ಓಡುತ್ತವೆ. ಮದುವೆ ಸೀಸನ್ ಬರುವುದೂ ಬೇಸಿಗೆಯಲ್ಲೇ. ಏಪ್ರಿಲ್, ಮೇನಲ್ಲಿ ನಮ್ಮ ಊರಲ್ಲಿ ಹೊರಗೆ 42-43 ಅಂದರೆ ಮೇಲೆ ಆರ್‌ಸಿಸಿ ಇರುವ ರೂಮಿನೊಳಗೆ 38-39 ಇದ್ದೇ ಇರುತ್ತದೆ.

5800ಎಕ್ಸ್ ಗೊತ್ತಿರುವವರಿಗೆ ಅದರ ಗುಣವೂ ಗೊತ್ತು. ಎಂಟೂ ಕೋರ್ ಒಂದೇ ಸಣ್ಣ ತುಂಡಿನಲ್ಲಿವೆ, ಅಳತೆ ಸುಮಾರು 80 ಚದರ ಮಿಲಿಮೀಟರ್. ಕಂಪನಿ 105 ವ್ಯಾಟ್ ಅಂತ ಹೇಳಿದರೂ ಪಿಪಿಟಿ, ಅಂದರೆ ಪ್ರೊಸೆಸರ್ ಎಳೆಯಬಹುದಾದ ಪವರಿನ ಮಿತಿ, 142 ವ್ಯಾಟ್. ಅಷ್ಟು ಬಿಸಿ ಅಷ್ಟು ಚಿಕ್ಕ ಜಾಗದಿಂದ ಹೊರಗೆ ಬರಬೇಕು. ಮಿತಿ 90 ಡಿಗ್ರಿ. ರೆಂಡರ್ ಹಾಕಿದ ಐದು ನಿಮಿಷಕ್ಕೆ 90 ಮುಟ್ಟಿ, ಅಲ್ಲಿಂದ ಕ್ಲಾಕ್ (ಓಡುವ ಸ್ಪೀಡ್) ಇಳಿಸಿಕೊಂಡು ಕುಂಟುತ್ತಾ ಓಡುತ್ತಿತ್ತು.

ಪಾರ್ಟ್ಸ್ ಅಂಗಡಿಯವರ ಉತ್ತರ ಒಂದೇ: ಲಿಕ್ವಿಡ್ ಕೂಲರ್ (ಪಂಪಿನಿಂದ ದ್ರವ ಓಡಿಸಿ ಬಿಸಿ ತೆಗೆಯುವಂಥದ್ದು) ಹಾಕಿಸಿ. 240 ಎಂಎಂ ರೇಡಿಯೇಟರಿನದು, ಏಳೂವರೆ ಸಾವಿರದ ಆಸುಪಾಸು ಕೊಟ್ಟೆ. ಮೊದಲ ಬೇಸಿಗೆಯಲ್ಲಿ 90 ಇದ್ದದ್ದು 84ಕ್ಕೆ ಬಂತು. ಆದರೆ ಹೊಸ ತೊಂದರೆ ಶುರುವಾಯಿತು. ರೆಂಡರ್ ಮಧ್ಯೆ ಸಿಸ್ಟಮ್ ರೀಸ್ಟಾರ್ಟ್ ಆಗತೊಡಗಿತು. ಲಾಗ್ ತೆಗೆದು ನೋಡಿದರೆ ಪ್ರೊಸೆಸರ್ ಸರಿಯಾಗೇ ಇದೆ, ವಿಆರ್‌ಎಂ (ಬೋರ್ಡಿನ ಮೇಲೆ ಪ್ರೊಸೆಸರಿಗೆ ವೋಲ್ಟೇಜ್ ಹೊಂದಿಸಿ ಕೊಡುವ ಭಾಗ) ಮಾತ್ರ ನೂರು ದಾಟಿದೆ. ಮೊದಲು ಟವರ್ ಕೂಲರ್ (ಪ್ರೊಸೆಸರ್ ಮೇಲೇ ನಿಲ್ಲುವ, ರೆಕ್ಕೆ ಮತ್ತು ಫ್ಯಾನ್ ಇರುವಂಥದ್ದು) ಇದ್ದಾಗ ಅದರ ಫ್ಯಾನಿನ ಗಾಳಿ ಸುತ್ತಮುತ್ತಲ ಬೋರ್ಡಿಗೂ ತಾಗುತ್ತಿತ್ತು. ಲಿಕ್ವಿಡ್ ಹಾಕಿದ ಮೇಲೆ ಆ ಜಾಗದಲ್ಲಿ ಗಾಳಿಯೇ ಇಲ್ಲ. ಎರಡನೇ ಬೇಸಿಗೆಗೆ ಪಂಪ್ ಗುಳುಗುಳು ಅನ್ನತೊಡಗಿ ನಿಂತೇ ಹೋಯಿತು. ವಾರಂಟಿಗೆ ಕಳಿಸಿದ್ದು ವಾಪಸ್ ಬರುವಷ್ಟರಲ್ಲಿ ಸೀಸನ್ ಮುಗಿದಿತ್ತು. ಬದಲಿಗೆ ಬಂದದ್ದನ್ನು ಬಾಕ್ಸ್ ಒಡೆಯದೆ ನಾಲ್ಕು ಸಾವಿರಕ್ಕೆ ಮಾರಿ, ಎರಡು ಸಾವಿರ ಚಿಲ್ಲರೆಗೆ ನಾಲ್ಕು ಹೀಟ್‌ಪೈಪಿನ ಟವರ್ ಕೂಲರ್ ತಂದೆ.

ಇಲ್ಲಿಂದ ನನ್ನ ದಾರಿ ಬೇರೆಯಾಯಿತು. 150 ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದಲ್ಲ, ತುದಿಗೆ ವೈರ್ ಇರುವಂಥದ್ದು, ಅದನ್ನು ತಂದು ವೈರಿನ ತುದಿಯನ್ನು ಕ್ಯಾಬಿನೆಟ್ಟಿನ ಮುಂದಿನ ಫ್ಯಾನ್ ಎದುರು ತೂಗುಹಾಕಿದೆ. ರೂಮಿನಲ್ಲಿ 38, ಫ್ಯಾನ್ ಎದುರು 45! ಸಿಸ್ಟಮ್ ಇದ್ದದ್ದು ಪ್ಲೈವುಡ್ ಟೇಬಲ್ಲಿನ ಗೂಡಿನಲ್ಲಿ. ಹಿಂದಿನಿಂದ ಬಿಟ್ಟ ಬಿಸಿಗಾಳಿ ಸುತ್ತು ಹೊಡೆದು ಮತ್ತೆ ಮುಂದಿನಿಂದ ಒಳಗೆ ಹೋಗುತ್ತಿತ್ತು. ಬಡಗಿಗೆ 300 ರೂಪಾಯಿ ಕೊಟ್ಟು ಗೂಡಿನ ಹಿಂದಿನ ಹಲಗೆ ಪೂರ್ತಿ ಕತ್ತರಿಸಿ ತೆಗೆಸಿದೆ, ಸಿಸ್ಟಮ್ಮನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದೆ. ಏಳು ಡಿಗ್ರಿ ವ್ಯತ್ಯಾಸ ಒಂದೂವರೆಗೆ ಇಳಿಯಿತು. ಏಳೂವರೆ ಸಾವಿರದ ಕೂಲರ್ ಇಳಿಸಿದ್ದು ಆರು ಡಿಗ್ರಿ, ಮುನ್ನೂರು ರೂಪಾಯಿಯ ಗರಗಸದ ಕೆಲಸ ಇಳಿಸಿದ್ದೂ ಹೆಚ್ಚುಕಮ್ಮಿ ಅಷ್ಟೇ. ಹಿಂದೆ ಗಾಳಿ ಹೊರಗೆ ಹೋಗಲು ಇನ್ನೊಂದು ಏರ್ಪಾಡೂ ಮಾಡಿದ್ದೇನೆ. ಅದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಅವತ್ತಿನಿಂದ ನಾನು ಪ್ರೊಸೆಸರಿನ ಟೆಂಪರೇಚರ್ ಒಂದನ್ನೇ ನೋಡುವುದು ಬಿಟ್ಟೆ. ಅದರಲ್ಲಿ ರೂಮಿನ ಬಿಸಿ ಕಳೆದು ಎಷ್ಟು ಉಳಿಯುತ್ತದೆ ಅನ್ನುವುದನ್ನು ಮಾತ್ರ ಬರೆದಿಡುತ್ತೇನೆ. ಡಿಸೆಂಬರಿನ 62ನ್ನೂ ಮೇ ತಿಂಗಳ 73ನ್ನೂ ಹೋಲಿಸಿ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕಳೆದ ಮೇಲೆ ಎರಡೂ 34ರ ಹತ್ತಿರವೇ. ಅಷ್ಟೇ ವ್ಯಾಟಿನಲ್ಲಿ ಈ 34 ಹೋಗಿ 40 ಆಯಿತು ಅಂದರೆ ಧೂಳು ಕೂತಿದೆ, ಇಲ್ಲವೇ ಫ್ಯಾನ್ ನಿಧಾನವಾಗಿದೆ, ಇಲ್ಲವೇ ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಪೇಸ್ಟ್ ಒಣಗಿದೆ. ಎಚ್‌ಡಬ್ಲ್ಯೂಇನ್ಫೋ ಅನ್ನುವ, ಟೆಂಪರೇಚರ್ ತೋರಿಸುವ ಸಾಫ್ಟ್‌ವೇರಿನಲ್ಲಿ ಮ್ಯಾಕ್ಸಿಮಮ್ ಕಾಲಂ ನೋಡಿ ಹೆದರುವವರು ಜಾಸ್ತಿ. ರೈಜೆನ್ ಒಂದು ಫೈಲ್ ಓಪನ್ ಮಾಡಿದರೂ ಕ್ಷಣಕಾಲ ಹತ್ತು-ಹದಿನೈದು ಡಿಗ್ರಿ ಜಿಗಿಯುತ್ತದೆ. ರೆಂಡರ್ ಶುರುವಾಗಿ ಹದಿನೈದು ನಿಮಿಷ ಆದ ಮೇಲೆ ರೀಸೆಟ್ ಒತ್ತಿ, ಆಮೇಲಿನ ಆವರೇಜ್ ನೋಡಿ. ಜೊತೆಗೆ ಪಿಪಿಟಿ ವ್ಯಾಟ್ ಎಷ್ಟಿತ್ತು ಅಂತಲೂ ಬರೆಯಿರಿ. ವ್ಯಾಟ್ ಇಲ್ಲದ ಟೆಂಪರೇಚರ್ ಸುಮ್ನೆ ಒಂದು ಅಂಕಿ ಅಷ್ಟೇ.

ಇನ್ನು ಎಲ್ಲರೂ ಬೇಡ ಅಂದ ಕೆಲಸ. ಬಯೋಸಿನಲ್ಲಿ (ಬೋರ್ಡಿನ ಸೆಟ್ಟಿಂಗ್ ಪೇಜು) ಪಿಬಿಒ, ಅಂದರೆ ಪ್ರೊಸೆಸರಿನ ಪವರ್ ಮಿತಿ ಬದಲಿಸುವ ಸೆಟ್ಟಿಂಗ್, ಮ್ಯಾನ್ಯುವಲ್ ಮಾಡಿ ಪಿಪಿಟಿ 88 ವ್ಯಾಟ್, ಕರೆಂಟಿನ ಮಿತಿಗಳಾದ ಟಿಡಿಸಿ 60, ಇಡಿಸಿ 90 ಆಂಪಿಯರ್ ಕೊಟ್ಟೆ. 65 ವ್ಯಾಟಿನ ಇಕೋ ಮೋಡ್ ಅಂತ ಇರುವುದೂ ಇದೇ ಲೆಕ್ಕ, 105ಕ್ಕೆ ಪಿಪಿಟಿ 142 ಇದ್ದ ಹಾಗೆ 65ಕ್ಕೆ 88. "ಅಣ್ಣಾ, ಅಷ್ಟು ರೊಕ್ಕ ಕೊಟ್ಟು ತಂದ ಪ್ರೊಸೆಸರ್‌ಗೆ ಮೂಗುದಾರ ಹಾಕ್ತೀರಲ್ರೀ" ಅಂದರು ಗೆಳೆಯರು. ಅರ್ಧ ಸ್ಪೀಡ್ ಹೋಗುತ್ತದೆ ಅಂದವರೂ ಇದ್ದರು. ನನ್ನ ಲೆಕ್ಕ ಹೇಳುತ್ತೇನೆ. ಅದೇ ಎರಡು ಗಂಟೆಯ ವಿಡಿಯೋ ಚಳಿಗಾಲದಲ್ಲಿ ಫುಲ್ 142 ವ್ಯಾಟಿನಲ್ಲಿ ಸುಮಾರು 1 ಗಂಟೆ 50 ನಿಮಿಷ. ಬೇಸಿಗೆಯಲ್ಲಿ 90 ಮುಟ್ಟಿ ಕುಂಟುವಾಗ 1 ಗಂಟೆ 54ರ ಹತ್ತಿರ. ಬರೀ 88 ವ್ಯಾಟಿಗೆ ಇಳಿಸಿದಾಗ ಎರಡು ಗಂಟೆ ಆಯಿತು. ಅದಕ್ಕೆ ಕರ್ವ್ ಆಪ್ಟಿಮೈಸರ್ (ಒಂದೊಂದು ಕೋರಿಗೂ ಮೈನಸ್ ಅಂಕೆ ಕೊಟ್ಟು ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಸೇರಿಸಿದ ಮೇಲೆ 1 ಗಂಟೆ 56. ಅಂದರೆ ಬೇಸಿಗೆಯಲ್ಲಿ ಕಳೆದುಕೊಂಡದ್ದು ಎರಡೇ ನಿಮಿಷ, ಇಳಿದದ್ದು ಹದಿನೇಳು ಡಿಗ್ರಿ. ವಿಆರ್‌ಎಂ 75ರ ಆಸುಪಾಸಿಗೆ ಬಂದು ನಿಂತಿತು. ಅವತ್ತಿನಿಂದ ಒಂದು ರೆಂಡರೂ ಅರ್ಧಕ್ಕೆ ನಿಂತಿಲ್ಲ. ಬೆಳಗಿನ ಜಾವದವರೆಗೂ ಎದ್ದಿದ್ದು ಕಾಯುವ ಕೆಲಸ ತಪ್ಪಿದೆ, ಅದಕ್ಕೆ ಬೆಲೆ ಕಟ್ಟಲಾರೆ.

ಕರ್ವ್ ಆಪ್ಟಿಮೈಸರ್ ಬಗ್ಗೆ ಒಂದು ಮಾತು. ವ್ಯಾಟಿಗೆ ಮಿತಿ ಹಾಕಿದ ಮೇಲೆ ವೋಲ್ಟೇಜ್ ಇಳಿಸಿದರೆ ಟೆಂಪರೇಚರ್ ಏನೂ ಇಳಿಯುವುದಿಲ್ಲ. ಅಷ್ಟೇ ವ್ಯಾಟಿನಲ್ಲಿ ಕ್ಲಾಕ್ ಏರುತ್ತದೆ. ನನ್ನದರಲ್ಲಿ 4.1 ಇದ್ದದ್ದು 4.3 ಗಿಗಾಹರ್ಟ್ಸ್ ಹತ್ತಿರ ಬಂತು. ಒಂದೊಂದು ಅಂಕೆಗೆ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಎಲ್ಲ ಕೋರಿಗೂ ಮೈನಸ್ 30 ಹಾಕಿ ಕೂರಬೇಡಿ. ಫುಲ್ ಲೋಡಿನಲ್ಲಿ ಚೆನ್ನಾಗೇ ಓಡುತ್ತದೆ, ಆಮೇಲೆ ಸುಮ್ನೆ ಬ್ರೌಸರ್ ತೆರೆದಾಗ ಸಿಸ್ಟಮ್ ಬಿದ್ದುಹೋಗುತ್ತದೆ. ವಿಂಡೋಸಿನ ಇವೆಂಟ್ ವ್ಯೂವರಿನಲ್ಲಿ ಡಬ್ಲ್ಯೂಎಚ್‌ಇಎ ಎರರ್ 18 (ಹಾರ್ಡ್‌ವೇರ್ ತಪ್ಪಿನ ದಾಖಲೆ) ಕಂಡರೆ ಯಾವುದೋ ಕೋರಿಗೆ ವೋಲ್ಟೇಜ್ ಸಾಲುತ್ತಿಲ್ಲ ಅಂತ ತಿಳಿಯಿರಿ. ಒಂದೊಂದೇ ಕೋರನ್ನು ಕೋರ್‌ಸೈಕ್ಲರ್‌ನಲ್ಲಿ (ಕೋರಿಗೆ ಲೋಡ್ ಕೊಟ್ಟು ಪರೀಕ್ಷಿಸುವ ಸಾಫ್ಟ್‌ವೇರ್) ರಾತ್ರಿಯಿಡೀ ಓಡಿಸಿ ನೋಡಬೇಕು. ಒಳ್ಳೆಯ ಕೋರುಗಳು ಅನ್ನಿಸಿಕೊಂಡವೇ ಈ ವೋಲ್ಟೇಜ್ ಇಳಿಕೆಯನ್ನು ಕಡಿಮೆ ತಡೆಯುತ್ತವೆ. ನನ್ನ ಎಂಟು ಅಂಕೆಗಳನ್ನು ಹೇಳುವುದಿಲ್ಲ. ಹೇಳಿದರೂ ನಿಮ್ಮ ಚಿಪ್ಪಿಗೆ ಅವು ಹೊಂದುವುದಿಲ್ಲ.

ಧೂಳಿನದು ನಮ್ಮ ಊರಿನದೇ ಕಥೆ. ಹತ್ತಿ ಸೀಸನ್ನಿನಲ್ಲಿ ಜಿನ್ನಿಂಗ್ ಮಿಲ್ಲುಗಳ ಕಡೆಯಿಂದ ಬರುವ ನೂಲಿನಂಥ ಎಳೆ ಗಾಳಿಯಲ್ಲಿ ತೇಲಿ ಬಂದು ಕೂಲರಿನ ರೆಕ್ಕೆಗಳ ಮೇಲೆ ಕೂರುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು. ಎರಡೂ ಸೇರಿ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ, ಉಗುರಿನಿಂದ ಹಿಡಿದು ಎಳೆದರೆ ಒಂದೇ ಪದರವಾಗಿ ಎದ್ದು ಬರುತ್ತದೆ. ಸೈಡ್ ಪ್ಯಾನೆಲ್ ತೆಗೆದು ಓಡಿಸಿ ನೋಡಿದೆ. ನಾಲ್ಕೈದು ಡಿಗ್ರಿ ಇಳಿಯಿತು, ಆದರೆ ವಾರದಲ್ಲಿ ಒಳಗೆಲ್ಲ ಧೂಳು ತುಂಬಿ ಇಳಿದದ್ದು ಮತ್ತೆ ಏರಿತು. ಸೊಳ್ಳೆ ಪರದೆಯ ತುಂಡು ಕತ್ತರಿಸಿ ಮುಂದಿನ ಫ್ಯಾನಿಗೆ ಟೇಪ್ ಹಾಕಿ ಅಂಟಿಸಿದ್ದು ಮಾತ್ರ ಉಳಿದುಕೊಂಡಿದೆ. ಎಳೆ ಅಲ್ಲೇ ನಿಲ್ಲುತ್ತದೆ, ಒಂದು ಡಿಗ್ರಿ ಜಾಸ್ತಿಯಾಗುತ್ತದೆ ಅಷ್ಟೇ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳು ಅಡ್ಡ ಇಟ್ಟಿರಿ.

ರೂಮಿನ ವಾಟರ್ ಕೂಲರ್ (ನೀರು ಹಾಕಿ ತಂಪು ಗಾಳಿ ಬಿಡುವಂಥದ್ದು) ಗಾಳಿಯನ್ನು ನೇರ ಸಿಸ್ಟಮ್ಮಿಗೆ ಬಿಟ್ಟೂ ನೋಡಿದೆ. ನಮ್ಮ ಒಣ ಹವೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಎಂಟು ಡಿಗ್ರಿ ಇಳಿದದ್ದು ಕಂಡೆ. ಆದರೆ ಬೋರ್‌ವೆಲ್ ನೀರಿನ ಹನಿ ಗಾಳಿಯ ಜೊತೆ ಹಾರಿ ಬಂದು ಕ್ಯಾಬಿನೆಟ್ಟಿನ ಜಾಲರಿ ಮೇಲೆ ಬಿಳಿ ಉಪ್ಪು ಕಟ್ಟಿತು. ಬೋರ್ಡ್ ಮೇಲೂ ಅದೇ ಬೀಳುತ್ತದಲ್ವಾ? ಆವತ್ತೇ ಕೂಲರಿನ ಮುಖ ನನ್ನ ಕಡೆಗೆ ತಿರುಗಿಸಿದೆ.

ಪೇಸ್ಟ್ ಬದಲಿಸುವವರಿಗೆ: ಇದು ಎಎಂ4 ಸಾಕೆಟ್ಟಿನದು, ಪಿನ್ನುಗಳು ಪ್ರೊಸೆಸರಿನಲ್ಲೇ ಇರುತ್ತವೆ. ಹಳೆ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಮೇಲಕ್ಕೆ ಎಳೆದಾಗ ಲಾಕ್ ಇದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ. ಹತ್ತು ನಿಮಿಷ ಲೋಡ್ ಹಾಕಿ ಬಿಸಿ ಮಾಡಿ, ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಎಳೆಯದೆ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ. ಹಿಡಿತ ಬಿಟ್ಟದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿ. ನಮ್ಮ ಬಿಸಿಲಿಗೆ ಒಳ್ಳೆ ಪೇಸ್ಟೂ ನನಗೆ ಎರಡು ಬೇಸಿಗೆ ಬರುತ್ತದೆ, ಮೂರನೆಯದಕ್ಕೆ ಬದಲಿಸುತ್ತೇನೆ.

ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಉಳಿತಾಯ ಇಲ್ಲ, ತಿಂಗಳಿಗೆ ನೂರು ರೂಪಾಯಿ ಒಳಗೆ. ಆದರೆ ಕರೆಂಟ್ ಹೋದಾಗ ರೆಂಡರ್ ಹಾಕಿಕೊಂಡು ಎರಡು ಗಂಟೆ ಬರುತ್ತಿದ್ದ ಇನ್ವರ್ಟರ್ ಈಗ ಎರಡೂವರೆ ಬರುತ್ತದೆ. ಒಂದು ವಿಡಿಯೋ ಆರಾಮಾಗಿ ಮುಗಿಯುತ್ತದೆ. ಎಸಿ ಹಾಕಿಸಿ ಅಂದವರ ಮಾತು ಕೇಳಿದ್ದರೆ ಮೂವತ್ತೈದು ಸಾವಿರ ಹೋಗುತ್ತಿತ್ತು, ಮೇಲೆ ತಿಂಗಳ ಬಿಲ್ಲು ಬೇರೆ. ಟವರ್ ಕೂಲರ್, ಪೇಸ್ಟ್, ಒಂದು ಎಕ್ಸ್‌ಟ್ರಾ ಫ್ಯಾನ್, ಥರ್ಮಾಮೀಟರ್, ಬಡಗಿ ಎಲ್ಲ ಸೇರಿ ನನಗಾದ ಖರ್ಚು ನಾಲ್ಕು ಸಾವಿರದ ಒಳಗೆ.

ಇಂಟೆಲ್ ಇರುವವರು ಕೇಳುತ್ತಾರೆ. ಪಕ್ಕದ ಸ್ಟುಡಿಯೋದ ಇಂಟೆಲ್ 12700ಕೆ ಪ್ರೊಸೆಸರಿನಲ್ಲಿ ಇದನ್ನೇ ಮಾಡಿದೆ. ಕಂಪನಿ ಲೆಕ್ಕದಲ್ಲಿ ಅದರ ಬೇಸ್ ಪವರ್ 125 ವ್ಯಾಟ್, ಗರಿಷ್ಠ ಟರ್ಬೋ ಪವರ್ 190 ವ್ಯಾಟ್. ಬೋರ್ಡ್ ಪಿಎಲ್1 (ಸತತ ಓಡುವಾಗಿನ ಪವರ್ ಮಿತಿ), ಪಿಎಲ್2 (ಸ್ವಲ್ಪ ಹೊತ್ತಿನ ಪವರ್ ಮಿತಿ) ಎರಡಕ್ಕೂ ಮಿತಿಯೇ ಇಲ್ಲದ ಹಾಗೆ ಬಿಟ್ಟಿತ್ತು. ಎರಡನ್ನೂ 125ಕ್ಕೆ ಕಟ್ಟಿದ ಮೇಲೆ 100ಕ್ಕೆ ಬಡಿಯುತ್ತಿದ್ದದ್ದು 80ರೊಳಗೆ ಬಂತು. ಒಂದು ನೆನಪಿರಲಿ, ಬಯೋಸ್ ಅಪ್‌ಡೇಟ್ ಮಾಡಿದರೆ ಅಥವಾ ಬೋರ್ಡಿನ ಬ್ಯಾಟರಿ ಸತ್ತರೆ ಈ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತದೆ. ಒಂದೊಂದು ಪೇಜನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.