ನರ್ಸ್ ಕೆಲಸದಿಂದ ದಾನದ ಕೆಲಸಕ್ಕೆ, ಅಲ್ಲಿಂದ ಜಗತ್ತಿನ ಮಾತಿಗೆ: ಹೆಜ್ಜೆ ಇಡುವುದು ಹೇಗೆ?

ಒಂದು ಹಾಸಿಗೆ ಖಾಲಿಯಾಗುತ್ತದೆ. ಶೀಟ್ ಬದಲಾಯಿಸುವಷ್ಟರಲ್ಲಿ ಅದೇ ಕಾಯಿಲೆಯ ಇನ್ನೊಬ್ಬರು ಬಂದಿರುತ್ತಾರೆ. ವರ್ಷಗಟ್ಟಲೆ ಇದನ್ನೇ ನೋಡಿದ ನರ್ಸ್‌ಗೆ ಒಂದಲ್ಲ ಒಂದು ದಿನ ಅನ್ನಿಸಿಯೇ ಅನ್ನಿಸುತ್ತದೆ: ಈ ಕಾಯಿಲೆ ಹುಟ್ಟುವುದು ವಾರ್ಡಿನ ಹೊರಗೆ, ಕೊಳಕು ನೀರಿನಲ್ಲಿ, ಬಡತನದಲ್ಲಿ, ಯುದ್ಧದಲ್ಲಿ, ಅಲ್ಲಿಗೂ ನನ್ನ ಕೈ ತಲುಪಬೇಕು. ನನಗೂ ಹಾಗೇ ಅನ್ನಿಸಿತ್ತು. ದಾನದ ಕೆಲಸಕ್ಕೆ ಇಳಿದೆ, ಆಮೇಲೆ ಬರೆಯೋಕೆ, ಮಾತಾಡೋಕೆ ಶುರು ಮಾಡಿದೆ. ನೀವೂ ಈ ದಾರಿಗೆ ಬರುವ ಮನಸ್ಸು ಮಾಡಿದ್ದರೆ, ವಾರ್ಡಿನಲ್ಲಿ ಕಲಿತದ್ದನ್ನು ವಾರ್ಡಿನಲ್ಲೇ ಬಿಟ್ಟು ಬರಬೇಡಿ. ನೋಡುವುದು, ಕೇಳುವುದು, ಅಳೆಯುವುದು, ಬರೆದಿಡುವುದು. ಇಲ್ಲೂ ಬೇಕಾಗುವುದು ಅದೇ.

ಕೊಡುವ ಮುಂಚೆ ಕೇಳಿ. ನಾನು ವಾರ್ಡಿನಲ್ಲಿದ್ದಾಗ ಯಾರೋ ಪುಣ್ಯಾತ್ಮರು ಒಂದು ಆಕ್ಸಿಜನ್ ಯಂತ್ರ ಕಳಿಸಿದ್ದರು. ಒಳ್ಳೆಯ ಯಂತ್ರವೇ. ಆದರೆ ಅದರ ಪ್ಲಗ್ ನಮ್ಮ ಸಾಕೆಟ್‌ಗೆ ಹೊಂದಲಿಲ್ಲ, ಜೊತೆಗೆ ಬಂದ ಪುಸ್ತಕ ನಮಗೆ ಯಾರಿಗೂ ಬಾರದ ಭಾಷೆಯಲ್ಲಿತ್ತು, ಬದಲಿ ಫಿಲ್ಟರ್ ಎಲ್ಲೂ ಸಿಗಲಿಲ್ಲ. ಮೂಲೆಗೆ ತಳ್ಳಿ ಶೀಟ್ ಹೊದಿಸಿದೆವು. ಕೊನೆಗೆ ಅದರ ತಲೆಯ ಮೇಲೆ ಗ್ಲೌಸ್ ಡಬ್ಬಿ ಇಡುತ್ತಿದ್ದೆವು. ಕಳಿಸುವ ಮುಂಚೆ ಒಂದೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಅಲ್ವಾ? ಹಾಗಾಗಿ ಏನೇ ಕೊಡುವ ಮೊದಲು ಅದನ್ನು ದಿನಾ ಬಳಸುವವರ ಹತ್ತಿರ ಮಾತಾಡಿ, ಮೇಲಿನ ಅಧಿಕಾರಿಯ ಹತ್ತಿರ ಮಾತ್ರ ಅಲ್ಲ. ರಾತ್ರಿ ಪಾಳಿಯ ನರ್ಸ್‌ಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಔಷಧಿ ದಾನದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದೆ, ಮೊದಲು ಬಂದದ್ದು 1996ರಲ್ಲಿ. ಪಡೆಯುವವರು ಕೇಳಿದ್ದನ್ನೇ ಕಳಿಸಬೇಕು, ರೋಗಿಗಳು ವಾಪಸ್ ಕೊಟ್ಟ ಮಾತ್ರೆ ಕಳಿಸಬಾರದು, ಅಲ್ಲಿಗೆ ತಲುಪಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 12 ತಿಂಗಳ ಬಳಕೆಯ ಅವಧಿ ಉಳಿದಿರಬೇಕು. ಮನೆಯಲ್ಲಿ ಉಳಿದ ಮಾತ್ರೆ ಒಟ್ಟು ಮಾಡಿ ಕಳಿಸೋಣ ಅಂತ ಯಾರಾದರೂ ಹೇಳಿದರೆ ನಯವಾಗಿ, ಆದರೆ ಖಡಾಖಂಡಿತವಾಗಿ ಬೇಡ ಅನ್ನಿ.

ಸಾಮಾನಿಗಿಂತ ಕಲಿಸುವುದಕ್ಕೆ ಖರ್ಚು ಮಾಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿ ಬಂದು ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿದ್ದ ನಿರಾಶ್ರಿತರ ನಡುವೆ ಕಾಲರಾ ಹರಡಿತ್ತು, ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗಿಳಿಯಿತು. ಅಲ್ಲಿ ಜೀವ ಉಳಿಸಿದ್ದು ಲೋಟ, ಚಮಚ ಹಿಡಿದ ಮನೆಯವರು. ಅವರ ಕೈಗೆ ತಿಳಿವಳಿಕೆ ಕೊಡೋಕೆ ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದಾನದ ಹಣಕ್ಕೆ ಮೊದಲ ದಿನದಿಂದಲೇ ಬೇರೆ ಖಾತೆ ಇರಲಿ. ಔಷಧಿ ಕೊಟ್ಟ ತಕ್ಷಣ ಚಾರ್ಟ್‌ನಲ್ಲಿ ಸಹಿ ಹಾಕುತ್ತೀರಲ್ಲ, ಹಾಗೇ ಖರ್ಚಾದ ದಿನವೇ ಬರೆಯಿರಿ. ಕೊಡದ ಔಷಧಿಗೆ ಸಹಿ ಹಾಕುವುದು ಎಂಥ ತಪ್ಪೋ, ಆಗದ ಕೆಲಸವನ್ನು ವರದಿಯಲ್ಲಿ ತೋರಿಸುವುದೂ ಅಂಥದ್ದೇ ತಪ್ಪು.

ಇನ್ನು ಬರೆಯುವುದು, ಮಾತಾಡುವುದು. "ನಾನು ಬರೀ ನರ್ಸ್, ಜಗತ್ತಿನ ವಿಷಯ ನನಗೇಕೆ" ಅನ್ನುವವರು ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನೆನಪಿಸಿಕೊಳ್ಳಿ. ಎಲ್ಲರೂ ಅವರ ಕೈಯ ದೀಪವನ್ನೇ ಹೇಳುತ್ತಾರೆ, ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಲೆಕ್ಕದ ಪುಸ್ತಕ. ಕ್ರಿಮಿಯಾ ಯುದ್ಧ ನಡೆಯುತ್ತಿದ್ದ 1854ರ ನವೆಂಬರ್‌ನಲ್ಲಿ 38 ಮಹಿಳೆಯರ ಜೊತೆ ಈಗಿನ ಇಸ್ತಾನ್‌ಬುಲ್‌ನ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದರು. ಯುದ್ಧ ಮುಗಿದ ಮೇಲೆ ಅಂಕಿಅಂಶ ಬಲ್ಲ ವಿಲಿಯಂ ಫಾರ್ ಜೊತೆ ಸೇರಿ ಸತ್ತವರ ಲೆಕ್ಕ ಹಾಕಿದರು. 1858ರಲ್ಲಿ ಒಂದು ಚಿತ್ರ ಅಚ್ಚಾಯಿತು: ತಡೆಯಬಹುದಾಗಿದ್ದ ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದದ್ದಕ್ಕೆ ಕಪ್ಪು. ಚಿತ್ರದ ತುಂಬಾ ನೀಲಿಯೇ. ಸೈನಿಕರು ಗುಂಡಿಗಿಂತ ಕೊಳಕಿನಿಂದಲೇ ಜಾಸ್ತಿ ಸತ್ತಿದ್ದರು ಅಂತ ಗೊತ್ತಾಗಲು ಒಂದು ಸಾಲೂ ಓದಬೇಕಿರಲಿಲ್ಲ.

ಎಲ್ಲದರ ಬಗ್ಗೆಯೂ ಬರೆಯಲು ಹೋಗಬೇಡಿ. ನೀವು ಕೈಯಾರೆ ಮುಟ್ಟಿದ ಒಂದು ವಿಷಯ ಹಿಡಿಯಿರಿ. ಉದಾಹರಣೆಗೆ ನರ್ಸ್‌ಗಳ ವಲಸೆ. ಹೊರಟುಹೋದವರ ಜಾಗ ತುಂಬಲು ಡಬಲ್ ಶಿಫ್ಟ್ ಮಾಡಿದವರಿಗೆ ಅದನ್ನು ಪುಸ್ತಕ ನೋಡಿ ತಿಳಿಯಬೇಕಿಲ್ಲ. ಅದಕ್ಕೆ ಅಂಕಿ ಜೋಡಿಸಿ: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ 98 ಲಕ್ಷ ನರ್ಸ್‌ಗಳಿದ್ದರು, ಕೊರತೆ 58 ಲಕ್ಷ. ಆರೋಗ್ಯ ಸಿಬ್ಬಂದಿಯ ಕೊರತೆ ತೀರಾ ಹೆಚ್ಚಿರುವ 55 ದೇಶಗಳ ಪಟ್ಟಿಯನ್ನೂ ಅದೇ ವರ್ಷ ಅದು ಹೊರಡಿಸಿತು. ಶ್ರೀಮಂತ ದೇಶಗಳು ಅಲ್ಲಿಗೆ ಹೋಗಿ ಹುಡುಕಿ ಹುಡುಕಿ ನೇಮಿಸಿಕೊಳ್ಳಬಾರದು ಅನ್ನುವುದು ಅದರ ಆಶಯ. ಹಾಗಂತ ಒಳ್ಳೆಯ ಬದುಕು ಹುಡುಕಿ ಹೊರಟ ನರ್ಸ್ ಮೇಲೆ ತಪ್ಪು ಹೊರಿಸಬೇಡಿ. ಅವರಿಗೆ ಹೋಗುವ ಹಕ್ಕಿದೆ. ಅವರನ್ನು ಉಳಿಸಿಕೊಳ್ಳುವಷ್ಟು ಸಂಬಳ, ಗೌರವ ಯಾಕೆ ಕೊಡಲಿಲ್ಲ ಅಂತ ಕೇಳಿ.

ರೋಗಿಯ ಗುಟ್ಟು ಮಾತ್ರ ಯಾವತ್ತೂ ನಿಮ್ಮದಲ್ಲ. ಹೆಸರು ತೆಗೆದರೆ ಸಾಲದು. ವಯಸ್ಸು, ಊರು, ಅಪರೂಪದ ಕಾಯಿಲೆ ಮೂರೂ ಸೇರಿದರೆ ಅಕ್ಕಪಕ್ಕದವರಿಗೆ ಯಾರು ಅಂತ ಗೊತ್ತಾಗಿಬಿಡುತ್ತದೆ. ದಾನ ಪಡೆಯುವವರ ಫೋಟೋ ವಿಷಯದಲ್ಲೂ ಹೀಗೇ. ಕೈಯಲ್ಲಿ ಸಹಾಯ ಹಿಡಿದು ನಿಂತಾಗ ಕೇಳಿದರೆ ಯಾರು ಬೇಡ ಅನ್ನುತ್ತಾರೆ? ಮೊದಲು ಕೊಡಿ, ಇನ್ನೊಂದು ದಿನ ಹೋಗಿ ಕೇಳಿ.

ಬರೆದು ಮುಗಿಸಿದ ಮೇಲೆ ಸುಮ್ನೆ ಪ್ರಕಟಿಸಿಬಿಡಬೇಡಿ. ಈಗಲೂ ಶಿಫ್ಟ್ ಮಾಡುತ್ತಿರುವ ಒಬ್ಬ ನರ್ಸ್‌ಗೆ ಓದಿ ಹೇಳಿ. "ವಾರ್ಡಲ್ಲಿ ಹೀಗೆಲ್ಲ ಆಗಲ್ಲ" ಅಂತ ಎಲ್ಲಾದರೂ ಅಂದರೆ, ಆ ಸಾಲನ್ನು ಅವರ ಪಕ್ಕದಲ್ಲೇ ಕೂತು ತಿದ್ದಿ.