ಗ್ಯಾಸ್ ಕಟಿಂಗ್‌ಗೆ ಯಾವ ಅನಿಲ ಸೂಕ್ತ?

ಗ್ಯಾಸ್ ಕಟಿಂಗ್‌ನಲ್ಲಿ ಉಕ್ಕನ್ನು ನಿಜವಾಗಿ ಕತ್ತರಿಸುವುದು ಆಮ್ಲಜನಕ. ಇಂಧನ ಅನಿಲದ ಜ್ವಾಲೆ ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿಕೊಡುತ್ತದೆ. ಆಮೇಲೆ ಟಾರ್ಚಿನ, ಅಂದರೆ ಜ್ವಾಲೆ ಹೊಮ್ಮಿಸುವ ಕೈಸಲಕರಣೆಯ, ಲಿವರ್ ಒತ್ತಿದಾಗ ನುಗ್ಗುವ ಶುದ್ಧ ಆಮ್ಲಜನಕದ ಧಾರೆಯಲ್ಲಿ ಕಬ್ಬಿಣ ಉರಿದು ಕಿಟ್ಟವಾಗುತ್ತದೆ, ಕರಗಿದ ಆ ಕಿಟ್ಟವನ್ನು ಅದೇ ಧಾರೆ ಕೆಳಕ್ಕೆ ಊದಿ ತೆಗೆಯುತ್ತದೆ. ಹಾಗಾಗಿ ಅಸಿಟಿಲೀನ್ ಅಥವಾ ಪ್ರೊಪೇನ್‌ನಂಥ ಇಂಧನ ಅನಿಲವನ್ನು ಆರಿಸುವಾಗ ನೋಡಬೇಕಾದದ್ದು ಅದು ಲೋಹವನ್ನು ಹೇಗೆ ಕಾಯಿಸುತ್ತದೆ ಎಂಬುದನ್ನು.

ಮೊದಲು ಲೋಹ ಯಾವುದೆಂದು ಖಚಿತಪಡಿಸಿಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಲೋಹಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಕರಗುವುದರಿಂದ, ಅವುಗಳಿಗೆ ಯಾವ ಅನಿಲ ತಂದರೂ ಈ ವಿಧಾನ ಒಗ್ಗುವುದಿಲ್ಲ.

ನಂತರ ಕೆಲಸದ ಸ್ವರೂಪವನ್ನು ನೋಡಿ. ಆಮ್ಲಜನಕದೊಂದಿಗೆ ಉರಿಯುವ ಅಸಿಟಿಲೀನ್ ಜ್ವಾಲೆಯ ಉಷ್ಣತೆ 3,100 ಡಿಗ್ರಿ ದಾಟುತ್ತದೆ, ಮತ್ತು ಅದರ ತೀಕ್ಷ್ಣ ಶಾಖವೆಲ್ಲ ನಾಝಲ್ ತುದಿಯ ಚಿಕ್ಕ ಒಳಶಂಕುವಿನಲ್ಲಿರುತ್ತದೆ. ಪ್ಲೇಟಿನ ನಡುವೆ ತೂತು ಕೊರೆಯುವ, ಅಲ್ಲಲ್ಲಿ ಗಿಡ್ಡ ಕಡಿತಗಳನ್ನು ಮಾಡುವ, ಅದೇ ಸಿಲಿಂಡರಿನಿಂದ ವೆಲ್ಡಿಂಗ್ ಕೂಡ ಮಾಡುವ ಕೆಲಸಕ್ಕೆ ಅದೇ ಸರಿ. ಪ್ರೊಪೇನ್ ಜ್ವಾಲೆ ಸುಮಾರು 2,800 ಡಿಗ್ರಿಯದು. ಅದರ ಶಾಖ ಬಹುಪಾಲು ಹೊರಜ್ವಾಲೆಯಲ್ಲಿ ಹರಡಿರುವುದರಿಂದ ಆರಂಭ ನಿಧಾನ. ಒಮ್ಮೆ ಕಡಿತ ಸಾಗಿದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣದು, ಹಾಗಾಗಿ ದಪ್ಪ ಪ್ಲೇಟಿನ ಉದ್ದನೆಯ ಕಡಿತಗಳಿಗೆ ನಾನು ಪ್ರೊಪೇನನ್ನೇ ಆರಿಸುತ್ತೇನೆ. ಅಸಿಟಿಲೀನ್ ಅಭ್ಯಾಸವಿದ್ದವರು ಟಾರ್ಚನ್ನು ತುಸು ಮೇಲೆತ್ತಿ ಹಿಡಿಯಲು ಮಾತ್ರ ಕಲಿಯಬೇಕು.

ಆಮ್ಲಜನಕದ ಲೆಕ್ಕ ಹಾಕುವುದನ್ನು ಹಲವರು ಮರೆಯುತ್ತಾರೆ. ಜ್ವಾಲೆಯ ಒಂದು ಪಾಲು ಅಸಿಟಿಲೀನ್‌ಗೆ ಒಂದು ಪಾಲಿಗಿಂತ ತುಸು ಹೆಚ್ಚು ಆಮ್ಲಜನಕ ಸಾಕು. ಪ್ರೊಪೇನ್‌ಗೆ ನಾಲ್ಕು ಪಾಲು ಬೇಕು. ಪ್ರೊಪೇನ್ ಬಳಸಿ ಇಂಧನದಲ್ಲಿ ಉಳಿಸಿದ ಹಣ ಆಮ್ಲಜನಕದ ಸಿಲಿಂಡರಿನಲ್ಲಿ ಸೋರಿಹೋಗುವುದು ಹೀಗೆ.

ಅನಿಲ ಬದಲಿಸಿದರೆ ನಾಝಲ್ಲನ್ನೂ ಬದಲಿಸಬೇಕು. ಹೋಸ್ ಮತ್ತು ರೆಗ್ಯುಲೇಟರ್ ಆ ಅನಿಲಕ್ಕೆಂದೇ ತಯಾರಾದವೇ ಎಂದು ಪರಿಶೀಲಿಸಿ. ಅಸಿಟಿಲೀನ್ ಹಾದಿಯಲ್ಲಿ ತಾಮ್ರದ ಕೊಳವೆ ಸಲ್ಲದು, ಏಕೆಂದರೆ ಅವೆರಡೂ ಸೇರಿ ಸ್ಫೋಟಕ ಸಂಯುಕ್ತ ಉಂಟಾಗಬಹುದು.

ಕೆಲಸದ ಜಾಗವೂ ಆಯ್ಕೆಯನ್ನು ನಿರ್ಧರಿಸುತ್ತದೆ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದರೆ ಗುಂಡಿಯಲ್ಲೋ ನೆಲಮಾಳಿಗೆಯಲ್ಲೋ ಮಡುಗಟ್ಟುತ್ತದೆ. ಅಂಥಲ್ಲಿ ಅದು ಬೇಡ. ಅಸಿಟಿಲೀನನ್ನು ಸಿಲಿಂಡರಿನೊಳಗೆ ಅಸಿಟೋನ್‌ನಲ್ಲಿ ಕರಗಿಸಿಟ್ಟಿರುತ್ತಾರೆ, ಆದ್ದರಿಂದ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು. ರೆಗ್ಯುಲೇಟರಿನ ಒತ್ತಡ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೀರಬಾರದು, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ಅನಿಲ ತಾನಾಗಿಯೇ ವಿಘಟಿಸಿ ಸಿಡಿಯಬಹುದು.

ಕೊನೆಗೆ ಒಂದು ಗುಜರಿ ತುಂಡಿನ ಮೇಲೆ ಪರೀಕ್ಷಿಸಿ, ಕಡಿತದ ಅಂಚನ್ನು ಹತ್ತಿರದಿಂದ ನೋಡಿ. ಮೇಲಂಚು ಕರಗಿ ದುಂಡಗಾಗಿದ್ದರೆ ಜ್ವಾಲೆ ವಿಪರೀತವಾಗಿದೆ, ಇಲ್ಲವೇ ಕೈ ನಿಧಾನವಾಗಿದೆ. ಅನಿಲವನ್ನು ದೂರುವ ಮೊದಲು ಜ್ವಾಲೆಯನ್ನು ಇಳಿಸಿ ಮತ್ತೊಮ್ಮೆ ಕತ್ತರಿಸಿ.