ಇಂಗ್ಲಿಷ್ ನೌನ್, ಪ್ರೊನೌನ್: ವಾಕ್ಯದೊಳಗೆ ಗುರುತಿಸುವುದು ಹೇಗೆ?

ಇಂಗ್ಲಿಷ್ ಕಲಿಯುವವರು ನೌನ್ (ನಾಮಪದ, ಅಂದರೆ ಹೆಸರು ಹೇಳುವ ಪದ) ವಿಧಗಳನ್ನೆಲ್ಲ ಬಾಯಿಪಾಠ ಮಾಡಿರುತ್ತಾರೆ. ಕೇಳಿದರೆ ಗಡಗಡ ಒಪ್ಪಿಸುತ್ತಾರೆ. ಬರೆಯಲು ಕೂತಾಗ ಮಾತ್ರ ತಡವರಿಸುತ್ತಾರೆ. ಪಟ್ಟಿಯನ್ನು ಪಕ್ಕಕ್ಕಿಡಿ. ಪದ ಆ ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದೆ ನೋಡಿ.

ಮೊದಲು, ಅದು ಯಾರದಾದರೂ ಅಥವಾ ಯಾವುದರದಾದರೂ ಸ್ವಂತ ಹೆಸರೇ? 'ಲಂಡನ್', 'ಮಂಡೇ', 'ಶೇಕ್ಸ್‌ಪಿಯರ್' ಪ್ರಾಪರ್ ನೌನ್. ವಾಕ್ಯದಲ್ಲಿ ಎಲ್ಲೇ ಬಂದರೂ ಮೊದಲ ಅಕ್ಷರ ಕ್ಯಾಪಿಟಲ್. 'ಸಿಟಿ', 'ಡೇ', 'ರೈಟರ್' ಆ ಜಾತಿಗೆಲ್ಲ ಸಲ್ಲುವ ಹೆಸರು, ಅಂದರೆ ಕಾಮನ್ ನೌನ್.

ಆಮೇಲೆ, ಅದನ್ನು ಎಣಿಸಬಹುದೇ ನೋಡಿ. ತಪ್ಪುಗಳು ಜಾಸ್ತಿ ಆಗುವುದೇ ಇಲ್ಲಿ. 'ಬುಕ್' ಎಣಿಸಬಹುದು, 'ವಾಟರ್' ಆಗುವುದಿಲ್ಲ. ಇಷ್ಟು ಸುಲಭ. ಆದರೆ 'ಫರ್ನಿಚರ್', 'ಇನ್ಫರ್ಮೇಶನ್', 'ಅಡ್ವೈಸ್', 'ಲಗೇಜ್', 'ಹೋಮ್‌ವರ್ಕ್' ಕೂಡ ಇಂಗ್ಲಿಷಿನಲ್ಲಿ ಎಣಿಕೆಗೆ ಸಿಗದ ಪದಗಳು. 'ಫರ್ನಿಚರ್ಸ್' ಅಂತ ಸಲೀಸಾಗಿ ಬರೆದುಬಿಡುತ್ತೇವೆ, ಅಲ್ವಾ? ಕೊನೆಯ 'ಎಸ್' ಅಲ್ಲಿ ಬರಬಾರದು. ಎಣಿಸಲೇಬೇಕಿದ್ದರೆ 'ಎ ಪೀಸ್ ಆಫ್ ಅಡ್ವೈಸ್', 'ಟೂ ಪೀಸಸ್ ಆಫ್ ಫರ್ನಿಚರ್' ಅನ್ನಬೇಕು. 'ನ್ಯೂಸ್' ಕೊನೆಗೆ 'ಎಸ್' ಇದ್ದರೂ 'ದ ನ್ಯೂಸ್ ಈಸ್ ಗುಡ್' ಎಂದೇ ಬರುತ್ತದೆ. ಇನ್ನು ಕೆಲವು ಪದಗಳು ಎರಡೂ ಕಡೆ ಓಡಾಡುತ್ತವೆ. 'ಗ್ಲಾಸ್' ಅಂದರೆ ಗಾಜು, 'ಎ ಗ್ಲಾಸ್' ಅಂದರೆ ಲೋಟ. ಹಾಗಾಗಿ ಪದವನ್ನು ಒಂಟಿಯಾಗಿ ಇಟ್ಟುಕೊಂಡು ವಿಧ ಹೇಳಲು ಹೋಗಬೇಡಿ.

'ಗೋಲ್ಡ್' ಮಟೀರಿಯಲ್ (ಪದಾರ್ಥದ ಹೆಸರು), 'ಆನೆಸ್ಟಿ' ಆ್ಯಬ್‌ಸ್ಟ್ರ್ಯಾಕ್ಟ್ (ಮುಟ್ಟಲಾಗದ ಗುಣದ ಹೆಸರು), 'ಟೀಮ್' ಕಲೆಕ್ಟಿವ್ (ಗುಂಪಿನ ಹೆಸರು). ಇವು ತಲೆ ಕೆಡಿಸುವುದಿಲ್ಲ. ಟೀಮ್ ಜೊತೆ ಅಮೆರಿಕನ್ನರು ಸಾಮಾನ್ಯವಾಗಿ 'ಈಸ್' ಅನ್ನುತ್ತಾರೆ, ಬ್ರಿಟಿಷರು 'ಆರ್' ಕೂಡ ಬಳಸುತ್ತಾರೆ ಅನ್ನುವುದು ಗೊತ್ತಿದ್ದರೆ ಸಾಕು.

ಈಗ ಪ್ರೊನೌನ್, ಅಂದರೆ ನೌನ್ ಬದಲಿಗೆ ಬರುವ ಪದ (ಸರ್ವನಾಮ). ಇಲ್ಲಿ ಜಾಗ ಮುಖ್ಯ. ಕೆಲಸ ಮಾಡುವವರ ಜಾಗದಲ್ಲಿ 'ಐ', 'ಹಿ', 'ಶಿ'. ಕ್ರಿಯಾಪದ ಅಥವಾ ಪ್ರಿಪೊಸಿಷನ್ ('ಟು', 'ಫಾರ್', 'ವಿತ್' ತರಹದ ಪದ) ಆದಮೇಲೆ 'ಮಿ', 'ಹಿಮ್', 'ಹರ್'. ಇಬ್ಬರ ಮಾತು ಬಂದಾಗ ಗೊಂದಲವಾದರೆ ಒಬ್ಬರನ್ನು ತೆಗೆದು ಓದಿ. 'ಹಿ ಕಾಲ್ಡ್ ಮೈ ಬ್ರದರ್ ಆ್ಯಂಡ್ ಐ' ಸರಿಯೇ? ತಮ್ಮನನ್ನು ಬಿಟ್ಟರೆ 'ಹಿ ಕಾಲ್ಡ್ ಐ' ಉಳಿಯುತ್ತದೆ. ತಪ್ಪೆಂದು ಕಿವಿಗೇ ಗೊತ್ತಾಗುತ್ತದೆ. ಅಲ್ಲಿ 'ಮಿ' ಬೇಕು.

ಕನ್ನಡದಲ್ಲಿ ಸುಮ್ನೆ 'ಹೋಗುತ್ತೇನೆ' ಅಂದರೆ ಸಾಕು, ಹೋಗುವವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ಇಂಗ್ಲಿಷಿನಲ್ಲಿ 'ಐ' ಬಿಡುವ ಹಾಗಿಲ್ಲ. ಮಳೆ ಬಂದರೂ 'ಇಟ್ ಈಸ್ ರೈನಿಂಗ್'. ಆ 'ಇಟ್' ಯಾವ ವಸ್ತುವನ್ನೂ ಸೂಚಿಸುವುದಿಲ್ಲ, ಜಾಗ ತುಂಬುತ್ತದೆ ಅಷ್ಟೇ.

'ದಿಸ್', 'ದಟ್' ಬಂದಾಗ ಮುಂದಿನ ಪದ ನೋಡಿ. 'ದಿಸ್ ಈಸ್ ಮೈನ್' ಅನ್ನುವಲ್ಲಿ 'ದಿಸ್' ಪ್ರೊನೌನ್. 'ದಿಸ್ ಬುಕ್' ಅಂದಾಗ ಅಲ್ಲ, ಅಲ್ಲಿ ಅದು ನೌನನ್ನು ತೋರಿಸುತ್ತಿದೆ. 'ಮೈ' ಮುಂದೆ ನೌನ್ ಬೇಕು, 'ಮೈನ್' ಒಂಟಿಯಾಗಿ ನಿಲ್ಲುತ್ತದೆ.

ಕೊನೆಗೆ 'ಎವ್ರಿವನ್', 'ಸಮ್‌ಬಡಿ'. ಅರ್ಥದಲ್ಲಿ ಎಷ್ಟೇ ಜನರಿದ್ದರೂ ಕ್ರಿಯಾಪದ ಏಕವಚನ: 'ಎವ್ರಿವನ್ ಈಸ್ ಹಿಯರ್'. ಗಂಡೋ ಹೆಣ್ಣೋ ಗೊತ್ತಿಲ್ಲದಿದ್ದರೆ 'ಸಮ್‌ಬಡಿ ಲೆಫ್ಟ್ ದೇರ್ ಬ್ಯಾಗ್' ಅಂತ ಧೈರ್ಯವಾಗಿ ಬರೆಯಿರಿ. ಒಬ್ಬರ ಬಗ್ಗೆ ಹೇಳಲು 'ದೇ', 'ದೇರ್' ಬಳಸುವ ರೂಢಿ ಇಂಗ್ಲಿಷಿನಲ್ಲಿ ಶತಮಾನಗಳಷ್ಟು ಹಳೆಯದು.